ಹದಿನಾಲ್ಕು ಗುಂಡಿಯ ಕೋಟು

ಆರು ವರ್ಷದ ಮಗಳನ್ನು ಚಳಿಗಾಲದಲ್ಲಿ ನನ್ನ ಜೊತೆ ಬೆಟ್ಟಕ್ಕೆ ಕಳಿಸಲು ಅಕ್ಕ ಒಪ್ಪಿದ್ದೇ ಹೆಚ್ಚು. "ಮಗೂಗೆ ಚಳಿ ತಾಗಿದ್ರೆ ನಿನ್ನ ಸುಮ್ನೆ ಬಿಡಲ್ಲ" ಎಂದಳು. ನಾನು ದರ್ಜಿ. ಅದು ನನ್ನ ಕಸುಬಿಗೇ ಹಾಕಿದ ಸವಾಲು ಎನಿಸಿತು. ಹತ್ತಿಯ ಬನಿಯನ್ನು, ಹತ್ತಿಯ ಅಂಗಿ, ಎರಡು ಸ್ವೆಟರು, ಮೇಲೆ ನಾನೇ ಹೊಲಿದ ದಪ್ಪ ಅಸ್ತರಿನ ಕೋಟು. ಗಾಳಿ ನುಗ್ಗದಿರಲೆಂದು ಒತ್ತೊತ್ತಾಗಿ ಹದಿನಾಲ್ಕು ಗುಂಡಿ. ಹುಡುಗಿ ಸುತ್ತಿಟ್ಟ ಹಾಸಿಗೆಯ ಹಾಗಿದ್ದಳು.

ಅರ್ಧ ಏರುವಷ್ಟರಲ್ಲಿ ಅವಳ ಮುಖ ಕೆಂಪೇರಿತು. "ಮಾಮ, ಸೆಕೆ. ಬಿಚ್ಲಾ?"

"ಬಿಚ್ಚಿದ್ರೆ ನಿಮ್ಮಮ್ಮ ನನ್ನ ಚರ್ಮ ಸುಲೀತಾಳೆ. ನಡಿ ನಡಿ."

ಮತ್ತೆ ಕೇಳಿದಳು, ಮತ್ತೆ ಮತ್ತೆ ಕೇಳಿದಳು. ನಾಲ್ಕನೇ ಸಲ ನಾನು ಕಣ್ಣು ಬಿಟ್ಟು ಗದರಿಸಿದೆ. ಆಮೇಲೆ ಕೇಳಲಿಲ್ಲ.

ಮೇಲೆ ಗಾಳಿ ಮುಖಕ್ಕೆ ರಾಚುತ್ತಿತ್ತು. ವಟವಟ ಎನ್ನುವವಳು ಸುಮ್ಮನೆ ಕೂತಿದ್ದಳು. ಸದ್ಯ, ಬಾಯಿಗೆ ಬೀಗ ಬಿತ್ತು ಎಂದು ಖುಷಿಪಟ್ಟೆ, ನನ್ನಂಥ ಪೆದ್ದ ಇನ್ನೊಬ್ಬನಿರಲಾರ. ಕೊಟ್ಟ ಬ್ರೆಡ್ಡು ಅವಳ ಕೈಯಿಂದ ಜಾರಿತು. ಅವಳು ಅದನ್ನು ನೋಡಲೂ ಇಲ್ಲ.

"ಯಾಕಮ್ಮ?"

"ನಿದ್ದೆ..." ನಾಲಿಗೆ ತೊದಲುತ್ತಿತ್ತು.

ಅವಳ ಕತ್ತಿನ ಬಳಿ ಕೈ ತೂರಿಸಿದೆ. ಬನಿಯನ್ನು ಬೆವರಿಗೆ ತೊಯ್ದು ತಣ್ಣಗೆ ಮೈಗಂಟಿತ್ತು. ಹತ್ತಿ ಒದ್ದೆಯಾದರೆ ಬೇಗ ಒಣಗಲ್ಲ ಸ್ವಾಮಿ ಎಂದು ಅಂಗಡಿಯಲ್ಲಿ ಗಿರಾಕಿಗಳಿಗೆ ಪಾಠ ಹೇಳುವವನು ನಾನೇ.

ಆ ಗಾಳಿಯಲ್ಲಿ ಮಗುವಿನ ಬಟ್ಟೆ ಬಿಚ್ಚಬೇಕಿತ್ತು. ಕೈಯೇ ಬರಲಿಲ್ಲ. ಬಂಡೆಯ ಮರೆಗೆ ಎತ್ತಿಕೊಂಡು ಹೋದೆ. ಮರಗಟ್ಟಿದ ಬೆರಳಿಗೆ ಮೂರು ಗುಂಡಿ ಬಿಚ್ಚುವುದೇ ಒಂದು ಯುಗವಾಯಿತು. ಕೊನೆಗೆ ಎರಡೂ ಅಂಚು ಹಿಡಿದು ಕೋಟನ್ನು ಹರಿದುಹಾಕಿದೆ. ಒದ್ದೆಯದನ್ನೆಲ್ಲ ತೆಗೆದು, ನನ್ನ ಉಣ್ಣೆ ಅಂಗಿಯೊಳಗೆ ಅವಳನ್ನು ಎದೆಗವಚಿಕೊಂಡು, ಜಾಕೀಟು ಸುತ್ತಿದೆ. ಫ್ಲಾಸ್ಕಿನ ಬಿಸಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ.

"ಮಾತಾಡೇ ನನ್ನ ತಾಯಿ. ಏನಾದ್ರೂ ಹೇಳು. ಬೈಯೇ ನನ್ನ."

ಎಷ್ಟೋ ಹೊತ್ತಿನ ಮೇಲೆ ಅವಳ ಹಲ್ಲು ಕಟಕಟ ಎಂದವು. ಮೈ ನಡುಗಿತು. ಜೋರಾಗಿ ಅತ್ತಳು. ಮಗು ಅತ್ತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.

ಹಾಗೇ ಅಪ್ಪಿಕೊಂಡು ಇಳಿಯತೊಡಗಿದೆ. ಬಟ್ಟೆ ಒದ್ದೆಯಾದದ್ದಕ್ಕೆ, ಕಾಲು ಜಾರಿ ಹಳ್ಳದ ನೀರಿಗೆ ಬಿದ್ದಳು ಎಂದರೆ ಅಕ್ಕ ನಂಬುತ್ತಾಳೆಯೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಅಂಗಿಯೊಳಗಿಂದ ಸಣ್ಣ ದನಿ ಬಂತು: "ಅಮ್ಮಂಗೆ ಹೇಳ್ಬೇಡ ಮಾಮ. ನಿಂಗೆ ಬೈತಾಳೆ."

ಅಕ್ಕನ ಮನೆಗೆ ಬಂದ ಡಾಕ್ಟರು ಮಗುವನ್ನು ನೋಡಿ, ಇನ್ನು ಭಯವಿಲ್ಲ ಎಂದು ಹೇಳಿ ಹೋದರು. ಅಕ್ಕ ಕಂಬಳಿಯೊಳಗೆ ಕೈಹಾಕಿ ಮಗಳ ಪಾದ ಉಜ್ಜುತ್ತಲೇ ಇದ್ದಳು.

"ಇಷ್ಟಾಗೋವರೆಗೂ ಇವಳು ಒಂದು ಮಾತೂ ಹೇಳ್ಲಿಲ್ವೇನೋ?"

ಹುಡುಗಿ ನನ್ನನ್ನೇ ನೋಡುತ್ತ, ಬೇಡ ಎಂಬಂತೆ ತಲೆಯಾಡಿಸಿದಳು.

"ಹೇಳಿದ್ಲಕ್ಕ" ಎಂದೆ. "ನಾಲ್ಕು ಸಲ ಹೇಳಿದ್ಲು. ನಾನೇ ಗದರಿಸಿ ಬಾಯಿ ಮುಚ್ಚಿಸ್ದೆ."