ಹುದ್ದೆ ಮನೆಗೇ ಬಂತಲ್ಲ, ಬಿಡು!

ಮನೆಗೆ ಒಳ್ಳೆಯ ಸುದ್ದಿ ಬಂದ ದಿನ ಅಡುಗೆಮನೆಯಿಂದ ಪಾತ್ರೆ ಕುಕ್ಕುವ ಸದ್ದು ಕೇಳಿದರೆ, ಆ ಸುದ್ದಿ ಎಲ್ಲರಿಗೂ ಒಳ್ಳೆಯದಲ್ಲ ಎಂದು ತಿಳಿಯಬೇಕು. ಆದರೆ ಪಾತ್ರೆಯ ಸದ್ದಿಗೆ ಯಾರು ಕಿವಿ ಕೊಡುತ್ತಾರೆ? ಕೈ ಜಾರಿತೇನೋ ಅಂದುಕೊಂಡು ಮುಂದಿನ ಮಾತಿಗೆ ಹೋಗುತ್ತಾರೆ.

ಅವತ್ತು ಸಂಜೆ ಪಾತ್ರೆ ಕುಕ್ಕುತ್ತಿದ್ದವಳು ಬನ್ನಕ್ಕ. ಊರಾಚೆಯ ಬ್ರೆಡ್ಡು-ಬನ್ನಿನ ಫ್ಯಾಕ್ಟರಿಯಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ. ಅದಕ್ಕೇ ಬೀದಿಯ ಮಕ್ಕಳು ಆ ಹೆಸರಿಟ್ಟರು. ಮನೆಯವರನ್ನು ಬಿಟ್ಟು ಈಗ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಅವನ ತಮ್ಮ, ಅಂದರೆ ಇವಳ ಮೈದುನ, ಅದೇ ಫ್ಯಾಕ್ಟರಿಯಲ್ಲಿ ಭಟ್ಟಿಯ ಮುಂದೆ ನಿಂತು ಬ್ರೆಡ್ ಬೇಯಿಸುತ್ತಾನೆ. ಅವನಿಗೆ ಆ ಕೆಲಸ ಕೊಡಿಸಿದವಳೂ ಇವಳೇ. ಮ್ಯಾನೇಜರ್ ಹತ್ತಿರ ಹೋಗಿ, "ನಮ್ಮ ಹುಡುಗ, ಮೈಗಳ್ಳ ಅಲ್ಲ" ಎಂದು ಜವಾಬ್ದಾರಿ ಹೊತ್ತಿದ್ದಳು.

ಆ ಹುಡುಗನನ್ನೇ ಸೂಪರ್‌ವೈಸರ್ ಮಾಡಿದ್ದರು. ಮುಂದಿನ ತಿಂಗಳ ಮೊದಲ ದಿನದಿಂದ ಕೆಲಸ ವಹಿಸಿಕೊಳ್ಳಬೇಕಂತೆ.

ಹಳೆಯ ಸೂಪರ್‌ವೈಸರ್‌ಗೆ ಸೊಂಟ ನೋವು. ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವರು ನಿವೃತ್ತರಾಗುವವರೆಗೆ ಅವರ ಪಾಳಿಯನ್ನು ನಡೆಸಿದವಳು ಬನ್ನಕ್ಕ. ಯಾವ ಅಂಗಡಿಗೆ ಎಷ್ಟು ಟ್ರೇ ಹೋಗಬೇಕು, ವ್ಯಾನ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ರಜೆ ಹಾಕಿದವರ ಜಾಗಕ್ಕೆ ಯಾರನ್ನು ನಿಲ್ಲಿಸಬೇಕು, ಎಲ್ಲ ಅವಳದೇ ತಲೆನೋವು. ಸಂಬಳ ಮಾತ್ರ ಪ್ಯಾಕಿಂಗ್‌ನವರದು. ಹೋಗುವಾಗ ಆ ಮನುಷ್ಯ, "ನನ್ನ ಜಾಗಕ್ಕೆ ನೀನೇ ಸರಿ" ಅಂದಿದ್ದರು. ಮಾತಿಗೇನು, ಕಾಸಾ ಕರಿಮಣಿಯಾ?

"ಏನೇ ಅದು, ಮನೆ ಒಡೆದು ಹಾಕ್ತೀಯಾ?" ಅತ್ತೆ ಹೊರಗಿನಿಂದ ಕೂಗಿದಳು. "ಬಂದು ಕೂತ್ಕೋ. ನಿನ್ನ ಮೈದುನ ದೊಡ್ಡ ಮನುಷ್ಯ ಆಗಿದ್ದಾನೆ."

"ಆಗ್ಲಿ. ದೊಡ್ಡ ಮನುಷ್ಯರಿಗೆ ಟೀ ಬೇಕಲ್ವಾ? ಅದನ್ನೇ ಮಾಡ್ತಿದ್ದೀನಿ."

"ಮೂತಿ ಯಾಕೆ ಹಾಗಿದೆ? ನಿನಗೆ ಬಂದ್ರೇನು, ಅವನಿಗೆ ಬಂದ್ರೇನು? ಹುದ್ದೆ ಮನೆಗೇ ಬಂತಲ್ಲ, ಬಿಡು!"

ಬನ್ನಕ್ಕ ಟೀ ಲೋಟಗಳನ್ನು ತಂದು ಮೇಜಿನ ಮೇಲೆ ಇಟ್ಟ ರಭಸಕ್ಕೆ ಅರ್ಧ ಟೀ ತಟ್ಟೆಗೇ ಬಿತ್ತು.

"ಅತ್ತೆ, ನಿಮಗೆ ಹಸಿವಾದಾಗ ಪಕ್ಕದಲ್ಲಿ ಕೂತವನು ಉಂಡ್ರೆ ನಿಮ್ಮ ಹೊಟ್ಟೆ ತುಂಬುತ್ತಾ?"

"ಇದೊಂದು ಮಾತು ಕಲ್ತಿದ್ದಾಳೆ!" ಅತ್ತೆ ಮಗನ ಕಡೆ ತಿರುಗಿದಳು. "ನೋಡೋ, ನಿನ್ನ ಹೆಂಡತಿಗೆ ಹೊಟ್ಟೆಕಿಚ್ಚು."

ಗಂಡ ಉಗುರಿನ ಸಂದಿಯ ಬಣ್ಣ ಕೆರೆಯುತ್ತಾ ಕೂತಿದ್ದ. ಒಳ್ಳೆಯವನೇ. ಆದರೆ ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವನ ಉಗುರಿಗೆ ಬಣ್ಣ ಅಂಟಿಕೊಂಡಿರುತ್ತದೆ. "ಹೋಗ್ಲಿ ಬಿಡೇ," ಅಂದ. "ಸೂಪರ್‌ವೈಸರ್ ಅಂದ್ರೆ ಬೆಳಗ್ಗೆ ಬೇಗ ಹೋಗ್ಬೇಕು, ತಡವಾಗಿ ಬರ್ಬೇಕು. ನಿನಗ್ಯಾಕೆ ಆ ರಗಳೆ?"

"ಈಗ ನಾನು ಬೇಗ ಹೋಗಿ ತಡವಾಗಿ ಬರ್ತಿಲ್ವಾ? ಕಣ್ಣಿಗೆ ಬಣ್ಣ ಬಿದ್ದಿದೆಯಾ ನಿಮಗೆ?"

ಮೈದುನ ಮಾತ್ರ ಟೀ ಮುಟ್ಟದೆ ನೆಲ ನೋಡುತ್ತಿದ್ದ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಟೈಪಕ್ಕ ಬಂದಳು. ಪಕ್ಕದ ಮನೆಯವಳು, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಬದುಕಿಡೀ ಜನರ ದೂರುಗಳನ್ನು ಟೈಪು ಮಾಡಿ ಮಾಡಿ, ಅನ್ಯಾಯದ ವಾಸನೆ ಗೋಡೆಯಾಚೆಯಿಂದಲೇ ಹತ್ತುವಷ್ಟು ಅವಳ ಮೂಗು ಚುರುಕಾಗಿತ್ತು.

"ಏನ್ರೀ, ನಿಮ್ಮ ಮನೇಲಿ ಪಾತ್ರೆ ಅಂಗಡಿ ಇಟ್ಟಿದ್ದೀರಾ? ನಮ್ಮ ಮನೆ ಬೆಕ್ಕು ಹೆದರಿ ಅಟ್ಟ ಹತ್ತಿ ಕೂತಿದೆ."

ವಿಷಯ ಕೇಳಿದ ಮೇಲೆ ಅವಳ ಮುಖದ ನಗು ಹೋಯಿತು. "ಬನ್ನಕ್ಕಂಗೆ ಯಾಕೆ ಕೊಡಲಿಲ್ಲ ಅಂತ ಹೇಳಿದ್ರಾ?"

"ಭಟ್ಟಿ ಮೇಲೆ ಕೆಲಸ ಮಾಡಿದವರಿಗೆ ಮಾತ್ರ ಸೂಪರ್‌ವೈಸರ್ ಕೆಲಸ ಅಂತೆ," ಎಂದಳು ಬನ್ನಕ್ಕ. "ಭಟ್ಟಿ ಮೇಲೆ ಹಾಕಿ ಅಂತ ನಾನೇ ಕೇಳಿದ್ದೆ. ಹೆಂಗಸರಿಗೆ ಆ ಬಿಸಿ ತಡೆಯೋಕಾಗಲ್ಲ, ಪಾಪ, ಅಂದ್ರು. ಹೊಸದಾಗಿ ಕೆಲಸ ಕೇಳ್ಕೊಂಡು ಬರೋ ಹುಡುಗೀರಿಗೂ ಗೇಟಲ್ಲೇ ಅದೇ ಮಾತು. ಪ್ಯಾಕಿಂಗ್ ಆದ್ರೆ ಬಾ, ಭಟ್ಟಿಗಾದ್ರೆ ಮನೆಗೆ ಹೋಗು."

"ಅಂದ್ರೆ ಏಣಿ ಮೊದಲನೇ ಮೆಟ್ಟಿಲು ತೆಗೆದಿಟ್ಟು, ಯಾಕೆ ಹತ್ತಲಿಲ್ಲ ಅಂತ ಕೇಳ್ತಾರೆ," ಎಂದಳು ಟೈಪಕ್ಕ. "ಇದು ಪಾಪ ಅನ್ನೋದಲ್ಲ ಕಣೆ. ಇದು ತಾರತಮ್ಯ. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಕೆಲಸಕ್ಕೆ ತಗೊಳ್ಳದೆ ಇರೋದು, ಬಡ್ತಿ ಕೊಡದೆ ಇರೋದು ತಪ್ಪು. ಕಾನೂನು ಇದೆ. ಕೇಳೋ ಹಕ್ಕು ನಿನಗಿದೆ."

ಅತ್ತೆಗೆ ಕಾನೂನು ಅನ್ನುವ ಮಾತು ಕೇಳಿದರೇ ಮೈಯೆಲ್ಲ ಮುಳ್ಳು. "ಚೆನ್ನಾಗಿದೆ! ಸೊಸೆ ಮೈದುನನ ಮೇಲೆ ದೂರು ಕೊಟ್ಟಳು ಅಂತ ಬೀದಿಯಲ್ಲಿ ಆಡ್ಕೊಳ್ಳಿ ಅಂತಾನಾ? ಮನೆ ಮುರಿಯೋಕೆ ಬಂದ್ಯಾ ತಾಯಿ?"

"ಮೈದುನನ ಮೇಲೆ ಯಾಕ್ರೀ? ಕೊಟ್ಟವರ ಮೇಲೆ."

"ನಾಳೆ ಇಬ್ಬರನ್ನೂ ಕೆಲಸದಿಂದ ಓಡಿಸಿದ್ರೆ ನೀನು ಅನ್ನ ಹಾಕ್ತೀಯಾ?"

ಟೈಪಕ್ಕ ಸಮಾಧಾನದ ಸುಳ್ಳು ಹೇಳುವವಳಲ್ಲ. "ತೊಂದರೆ ಕೊಡಲ್ಲ ಅಂತ ನಾನು ಹೇಳಲ್ಲಮ್ಮ. ಕೊಡ್ತಾರೆ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದ್ರೆ ಅದು ಇನ್ನೊಂದು ತಪ್ಪು, ಅದಕ್ಕೂ ದೂರು ಕೊಡಬಹುದು. ಅದಕ್ಕೇ ಒಬ್ಬಳೇ ಹೋಗಬಾರದು, ಬರೀ ಬಾಯಲ್ಲಿ ಕೇಳಬಾರದು. ನನಗೆ ಈ ಹುದ್ದೆ ಬೇಕು, ಕೊಡದಿದ್ರೆ ಕಾರಣ ಬರೆದು ಕೊಡಿ ಅಂತ ಅರ್ಜಿ ಹಾಕಬೇಕು. ಅದರ ಒಂದು ಪ್ರತಿ ಮನೇಲಿ ಇಟ್ಕೋಬೇಕು."

"ಎಲ್ಲ ಸರಿ," ಎಂದಳು ಅತ್ತೆ. "ಆದ್ರೆ ನಮ್ಮ ಹುಡುಗ ಏನು ಕಡಿಮೆ? ಅವನಿಗೆ ಯೋಗ್ಯತೆ ಇದೆ, ಕೊಟ್ರು."

ಆಗ ಮೈದುನ ಬಾಯಿಬಿಟ್ಟ.

"ಅಮ್ಮ, ನಂಗೆ ಆ ಕೆಲಸ ಬರಲ್ಲ."

"ಏನು?"

"ಬರಲ್ಲ. ನಾನು ಅದನ್ನೇ ಮ್ಯಾನೇಜರ್‌ಗೂ ಹೇಳ್ದೆ. ಅವರು ನಕ್ಕರು. 'ನಿಮ್ಮ ಅತ್ತಿಗೆ ಇದ್ದಾಳಲ್ಲೋ, ಎಲ್ಲ ಅವಳೇ ನೋಡ್ಕೋತಾಳೆ. ನೀನು ಸುಮ್ನೆ ಕುರ್ಚಿ ಮೇಲೆ ಕೂತಿರು. ಮನೆಯವಳೇ ಆದ್ರಿಂದ ಗಲಾಟೆನೂ ಮಾಡಲ್ಲ' ಅಂದ್ರು." ಅವನ ಧ್ವನಿ ಇಳಿಯಿತು. "ಅದಕ್ಕೇ ನನ್ನ ಆರಿಸಿದ್ದಂತೆ, ಅತ್ತಿಗೆ."

ಟೀ ಒರೆಸುತ್ತಿದ್ದ ಬಟ್ಟೆಯನ್ನು ಬನ್ನಕ್ಕ ಮೇಜಿನ ಮೇಲೆ ಎಸೆದಳು. ಹುದ್ದೆ ತಪ್ಪಿದ್ದು ಒಂದು ಉರಿ. ತನ್ನ ಮನೆಯನ್ನೇ ತನ್ನ ಬಾಯಿಗೆ ಬೀಗ ಮಾಡಿದರಲ್ಲ, ಇದು ಇನ್ನೊಂದು ಉರಿ. ಗೆದ್ದಲು ಹುತ್ತ ಕಟ್ಟಿದ ಮೇಲೆ ಹಾವು ಬಂದು ಸೇರಿಕೊಳ್ಳುವುದನ್ನು ಕೇಳಿದ್ದೇವೆ. ಇಲ್ಲಿ ಹಾವು ಕೂಡ, ತನಗೆ ಆ ಹುತ್ತ ಬೇಡ ಅನ್ನುತ್ತಿತ್ತು!

ಅತ್ತೆ ಟೀ ಲೋಟವನ್ನು ಕುಕ್ಕಿ ಇಟ್ಟಳು. ಆಮೇಲೆ ಒಮ್ಮೆಗೇ ಸಿಡಿದಳು.

"ಹಾಸ್ಟೆಲಲ್ಲಿ ನಾನು ಅಡುಗೆ ಮಾಡ್ತಿದ್ದೆ. ಉಪ್ಪು ನಂದು, ಹುಳಿ ನಂದು, ಹೊಗೆ ನಂದು. ಹೆಡ್ ಕುಕ್ ಅಂತ ಒಬ್ಬ ಇದ್ದ, ಸೌಟು ಹಿಡಿಯೋಕೂ ಬರ್ತಿರಲಿಲ್ಲ ಅವನಿಗೆ. ಊಟ ಚೆನ್ನಾಗಿದ್ರೆ ಅವನನ್ನ ಕರೆದು ಹೊಗಳೋರು. ಉಪ್ಪು ಜಾಸ್ತಿ ಆದ್ರೆ ಮಾತ್ರ ನನ್ನ ಕರೆಯೋರು! ಆ ಮುಟ್ಠಾಳನೇ ಮತ್ತೆ ಹುಟ್ಟಿ ಬಂದಿದ್ದಾನಾ ಇವಳ ಫ್ಯಾಕ್ಟರಿಗೆ? ಅದೂ ನನ್ನ ಮಗನ ಮೈಯೊಳಗೆ?"

"ಅಮ್ಮಾ, ನಾನೇನು ಮಾಡ್ದೆ?" ಅಂದ ಮೈದುನ.

"ನೀನು ಬಾಯಿ ಮುಚ್ಚು. ಟೈಪಮ್ಮ, ಅದೇನೋ ಅರ್ಜಿ ಅಂದ್ಯಲ್ಲ, ಬರಿ. ಖಾರ ಸ್ವಲ್ಪ ಜಾಸ್ತಿನೇ ಹಾಕು."

"ಅರ್ಜಿಗೆ ಖಾರ ಹಾಕಬಾರದು," ಎಂದಳು ಟೈಪಕ್ಕ. "ಆದದ್ದನ್ನ ಆದ ಹಾಗೆ ಬರೆದ್ರೆ ಸಾಕು. ಅದೇ ಖಾರ ಇದೆ."

ಮರುದಿನ ಊಟದ ಬಿಡುವಿನಲ್ಲಿ ಬನ್ನಕ್ಕ ಮ್ಯಾನೇಜರ್ ಕೋಣೆಗೆ ಹೋದಳು. ಒಬ್ಬಳೇ ಅಲ್ಲ. ಪ್ಯಾಕಿಂಗ್‌ನ ಹೆಂಗಸರೆಲ್ಲ ತಲೆಗೆ ಹಾಕಿದ್ದ ಟೋಪಿ ತೆಗೆಯದೆ ಬಾಗಿಲ ತುಂಬ ನಿಂತರು. ಮೈದುನನೂ ಬಂದ.

ಮ್ಯಾನೇಜರ್ ಅರ್ಜಿ ಓದಿ ಕನ್ನಡಕ ತೆಗೆದರು. ದನಿಯಲ್ಲಿ ಬೆಲ್ಲ. "ಯಾಕಮ್ಮ ತಲೆ ಕೆಡಿಸ್ಕೋತೀಯ? ನಿನ್ನ ಮೈದುನನಿಗೇ ತಾನೆ ಕೊಟ್ಟಿರೋದು? ಭಟ್ಟಿ ಮೇಲೆ ಕೆಲಸ ಮಾಡಿರ್ಬೇಕು ಅಂತ ರೂಲ್ಸು. ನಾನೇನು ಮಾಡಲಿ?"

"ಭಟ್ಟಿ ಮೇಲೆ ಹಾಕಿ ಅಂತ ಕೇಳಿದಾಗ ಯಾಕೆ ಹಾಕಲಿಲ್ಲ ಸಾರ್?"

"ಅಲ್ಲಿ ಬಿಸಿ ಕಣಮ್ಮ. ನಿಮ್ಮ ಒಳ್ಳೇದಕ್ಕೇ ಹೇಳೋದು."

ಬನ್ನಕ್ಕ ಇಷ್ಟು ದಿನ ತಡೆದಿದ್ದನ್ನೆಲ್ಲ ಆಡಿಬಿಟ್ಟಳು.

"ನಮ್ಮ ಮನೇಲಿ ಒಲೆ ಏನು ತಣ್ಣಗಿರುತ್ತಾ ಸಾರ್? ಇಷ್ಟು ವರ್ಷ ಅದರ ಮುಂದೆ ನಿಂತಿದ್ದೀನಿ. ಪಾಪ, ಬಿಸಿ ಅಂತ ಒಬ್ರೂ ಬಂದು ಆ ಕಡೆ ಸರಿಸಲಿಲ್ಲ. ಸಂಬಳ ಇಲ್ಲದ ಬೆಂಕಿ ಹೆಂಗಸರನ್ನ ಸುಡಲ್ಲ, ಸಂಬಳ ಇರೋ ಬೆಂಕಿ ಮಾತ್ರ ಸುಡುತ್ತಾ?"

ಬಾಗಿಲಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಮೈದುನ ಮುಂದೆ ಬಂದು, "ಸಾರ್, ಅತ್ತಿಗೆ ಮಾಡೋ ಕೆಲಸಕ್ಕೆ ನಾನು ಸಂಬಳ ತಗೊಳ್ಳಲ್ಲ. ನಂಗೆ ಈ ಹುದ್ದೆ ಬೇಡ" ಅಂದ.

ಮ್ಯಾನೇಜರ್ ದನಿಯ ಬೆಲ್ಲ ಕರಗಿತು. "ಬೇಡ್ವಾ? ಬಿಡು. ಇನ್ನೊಬ್ಬನನ್ನ ಹಾಕ್ತೀನಿ. ಗಂಡಸರಿಗೇನು ಬರ ಬಂದಿದೆಯಾ ಇಲ್ಲಿ?"

ಇಷ್ಟು ಹೊತ್ತೂ ರೂಲ್ಸಿನ ಹಿಂದೆ ಅಡಗಿ ಕೂತಿದ್ದ ಮಾತು ಅದೇ. ಬಾಗಿಲ ತುಂಬ ನಿಂತಿದ್ದವರೆಲ್ಲ ಕೇಳಿಸಿಕೊಂಡರು.

ಕಾರ್ಮಿಕ ಇಲಾಖೆಗೆ ಹೋದ ದೂರಿನಲ್ಲಿ ಆ ಮಾತು ಹೇಗಿತ್ತೋ ಹಾಗೇ ಬಿತ್ತು, ಕೇಳಿದವರೆಲ್ಲರ ಸಹಿಯ ಜೊತೆ.

ಅಲ್ಲಿಂದ ಮುಂದಿನದು ಹೂವಿನ ಹಾದಿಯಾಗಿರಲಿಲ್ಲ. ಬನ್ನಕ್ಕನನ್ನು ಪ್ಯಾಕಿಂಗ್‌ನಿಂದ ತೆಗೆದು ಜಿಡ್ಡು ಟ್ರೇ ತೊಳೆಯಲು ಹಾಕಿದರು. ಸೋಡಾಪುಡಿಯಿಂದ ಕೈ ಸಿಪ್ಪೆ ಎದ್ದಿತು. ಒಂದು ಸಂಜೆ ಮನೆಗೆ ಬಂದವಳೇ, "ಸಾಕು, ದೂರು ವಾಪಸ್ ತಗೋತೀನಿ" ಎಂದು ಮೂಲೆಯಲ್ಲಿ ಕೂತುಬಿಟ್ಟಳು.

ಅವಳ ಕೈ ಹಿಡಿದು ಎಣ್ಣೆ ಹಚ್ಚಲು ಕೂತವಳು ಅತ್ತೆ. "ತಗೋ, ಯಾರು ಬೇಡ ಅಂದ್ರು? ಆಮೇಲೆ ನನ್ನ ಹಾಗೆ ಮುದುಕಿ ಆಗಿ, ಉಪ್ಪು ನಂದು ಹುಳಿ ನಂದು ಅಂತ ಗೋಡೆಗೆ ಹೇಳ್ಕೊಂಡು ಕೂತಿರು."

ಗಂಡ ಎದ್ದು ಒಳಗೆ ಹೋದ. ಆ ದಿನದಿಂದ ಸಂಜೆಯ ಒಲೆ ಅವನದಾಯಿತು. ಮೊದಲು ಮಾಡಿದ ಸಾರಿಗೆ ಯಾವ ಹೆಸರೂ ಇಡುವಂತಿರಲಿಲ್ಲ. ಎಲ್ಲರೂ ತುಟಿಪಿಟಿಕ್ಕೆನ್ನದೆ ಉಂಡರು. ದೂರು ವಾಪಸು ಹೋಗಲಿಲ್ಲ.

ಕೊನೆಗೆ ಇಲಾಖೆಯ ಅಧಿಕಾರಿ ಫ್ಯಾಕ್ಟರಿಗೆ ಬಂದರು. ಭಟ್ಟಿಯ ರೂಲ್ಸು ಎಲ್ಲಿ ಬರೆದಿದೆ ತೋರಿಸಿ ಅಂದರು. ಮ್ಯಾನೇಜರ್ ಕಪಾಟು ತಡಕಿದರು. ಬರೆದಿದ್ದರೆ ತಾನೇ ತೋರಿಸುವುದು? ಬರೆದಿಲ್ಲದ ರೂಲ್ಸು ಹೆಣ್ಣುಮಕ್ಕಳ ಮುಂದೆ ಬಂದಾಗ ಮಾತ್ರ ಕಲ್ಲಾಗುತ್ತದೆ, ಕೇಳುವವರು ಬಂದಾಗ ಬೆಣ್ಣೆಯಾಗುತ್ತದೆ. ದೂರಿನಿಂದಾಗಿ ಖಾಲಿ ಉಳಿದಿದ್ದ ಆ ಹುದ್ದೆಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು, ಎಲ್ಲರಿಗೂ ಒಂದೇ ಪರೀಕ್ಷೆ ಎಂದು ತೀರ್ಮಾನವಾಯಿತು. ಭಟ್ಟಿಯ ಕೆಲಸ ಹೆಂಗಸರಿಗೂ ಕಲಿಸಬೇಕೆಂದಾಯಿತು. ಬನ್ನಕ್ಕ ಕಲಿತಳು, ಒಂದೆರಡು ಸಲ ಬ್ರೆಡ್ಡು ಕರಕಲು ಮಾಡಿದಳು. ಗಂಡಸರೂ ಕಲಿಯುವಾಗ ಹಾಗೇ ಮಾಡಿದ್ದರು. ಎಲ್ಲರ ಜೊತೆ ಪರೀಕ್ಷೆಗೆ ನಿಂತಳು. ಹುದ್ದೆ ಅವಳಿಗೆ ಬಂತು, ಅದರ ಸಂಬಳದ ಸಮೇತ.

ಈಗ ಫ್ಯಾಕ್ಟರಿ ನೋಡಲು ಯಾರಾದರೂ ಬಂದರೆ ಮ್ಯಾನೇಜರ್ ಅವರನ್ನು ನೇರ ಭಟ್ಟಿಯ ಹತ್ತಿರ ಕರೆದೊಯ್ಯುತ್ತಾರೆ. "ಹೆಣ್ಣುಮಕ್ಕಳಿಗೆ ಇಲ್ಲಿ ಅವಕಾಶ ಕೊಟ್ಟವನೇ ನಾನು" ಎಂದು ಎದೆ ಉಬ್ಬಿಸುತ್ತಾರೆ. ಬನ್ನಕ್ಕ ಹಲ್ಲು ಕಚ್ಚಿ, "ಸಾರ್, ದಾರಿ ಬಿಡಿ, ಟ್ರೇ ಬರ್ತಿದೆ" ಅನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ಕೇಳಿ. ಮದುವೆ ಯಾವಾಗ, ಮಕ್ಕಳು ಯಾವಾಗ ಎಂದು ಕೆಲಸ ಕೊಡುವ ಮೊದಲೇ ಕೇಳಿದರೆ, ಗಂಡಸರನ್ನೂ ಹೀಗೇ ಕೇಳುತ್ತೀರಾ ಎಂದು ತಿರುಗಿ ಕೇಳಿ. ನಿಮ್ಮ ಕೈಯಲ್ಲಿ ಕೆಲಸ ಮಾಡಿಸಿ ಹುದ್ದೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಕಾರಣವನ್ನು ಬರಹದಲ್ಲಿ ಕೇಳಿ. ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಿ. ಅದು ನಿಮ್ಮ ದುಡ್ಡಿನಲ್ಲೇ ಕಟ್ಟಿದ ಬಾಗಿಲು. ಮನೆಯವರೇ, ನೀವು ಅವಳ ಬಾಯಿ ಮುಚ್ಚಿಸಬೇಡಿ, ಅವಳ ಜೊತೆ ನಡೆಯಿರಿ. ಇವತ್ತು ಬೇಡ, ನಾಳೆ ನೋಡೋಣ ಅನ್ನಬೇಡಿ. ನಾಳೆ ಆ ಕುರ್ಚಿಯ ಮೇಲೆ ಇನ್ಯಾರೋ ಕೂತಿರುತ್ತಾರೆ, ಅವರಿಗೆ ಕೆಲಸ ಕಲಿಸು ಎಂದು ನಿಮ್ಮನ್ನೇ ಕರೆಯುತ್ತಾರೆ.