ಭಾವನೂ ಮಂಗಗಳ ರಕ್ತವೂ

ನಮ್ಮ ಭಾವ, ಎಂದರೆ ನನ್ನ ಅಕ್ಕನ ಗಂಡ, ಎಲ್ಲಿಗೆ ಹೋದರೂ ಅಂಗಿಯ ಎಡತೋಳನ್ನು ಮೊಣಕೈಯಿಂದ ಮೇಲಕ್ಕೆ ಮಡಚಿರುತ್ತಿದ್ದರು. ಬಲತೋಳಿನ ಗುಂಡಿ ಮಾತ್ರ ಮಣಿಕಟ್ಟಿನಲ್ಲಿ ಶಿಸ್ತಾಗಿ ಕುಳಿತಿರುತ್ತಿತ್ತು. ಹೊಸಬರು ಇದೇನೋ ಷೋಕಿ ಎಂದುಕೊಳ್ಳುತ್ತಿದ್ದರು. ಅಸಲಿಗೆ ಅದು ಇಪ್ಪತ್ತೆರಡು ವರ್ಷಗಳ ವೃತ್ತಿ ಮೈಗೂಡಿಸಿದ್ದ ಅಭ್ಯಾಸ. ಪ್ರತಿ ಸೋಮವಾರ ಬೆಳಿಗ್ಗೆ, ಸಂಶೋಧನಾಲಯಕ್ಕೆ ಇನ್ನಾರೂ ಬರುವ ಮುನ್ನ, ತಮ್ಮ ಎಡಗೈಯಿಂದ ತಾವೇ ಒಂದು ಚಮಚದಷ್ಟು ರಕ್ತ ತೆಗೆದುಕೊಳ್ಳುತ್ತಿದ್ದರು.

ಅವರು ಅಲ್ಲಿ ರಕ್ತಪರೀಕ್ಷಕರು. ಬಿಳಿ ರಕ್ತಕಣಗಳ ಮೈಮೇಲೆ ನಾನಾ ಗುರುತುಗಳಿರುತ್ತವಂತೆ. ಒಂದೊಂದು ಗುರುತಿಗೆ ಹೋಗಿ ಅಂಟುವ ಒಂದೊಂದು ಪ್ರತಿಕಾಯವನ್ನು ತಯಾರಿಸುತ್ತಾರೆ. ಅಂಟಿದರೆ ಸೂಕ್ಷ್ಮದರ್ಶಕದಡಿ ಕಣ ಹಸಿರಾಗಿ ಹೊಳೆಯುತ್ತದೆ. ಮನುಷ್ಯನ ಗುರುತಿಗೆಂದು ಮಾಡಿದ ಪ್ರತಿಕಾಯ ಚಿಂಪಾಂಜಿಗೂ ಬಬೂನಿಗೂ ಚಿಕ್ಕಪುಟ್ಟ ಮಂಗಗಳಿಗೂ ಅಂಟುತ್ತದೆಯೇ, ಕೋಟಿಗಟ್ಟಲೆ ವರ್ಷಗಳ ಹಿಂದೆ ದಾರಿ ಬೇರೆಯಾದ ಈ ಮನೆತನದಲ್ಲಿ ಏನೇನು ಬದಲಾಗದೆ ಉಳಿದಿದೆ ಎಂದು ನೋಡುವುದು ಅವರ ಕೆಲಸ. ಮೃಗಾಲಯದಿಂದ ರಕ್ತದ ನಳಿಕೆಗಳು ಬಂದರೆ ಬಾಗಿಲಿಗೇ ಹೋಗಿ ಎದುರುಗೊಳ್ಳುತ್ತಿದ್ದರು. "ದೊಡ್ಡಪ್ಪನ ಮಕ್ಕಳು ಬಂದ್ರು" ಎಂದರೆ ಚಿಂಪಾಂಜಿಗಳು, ಬಬೂನುಗಳು "ದೂರದ ನೆಂಟರು."

ನೆಂಟರ ರಕ್ತ ನೋಡುವ ಮೊದಲು ಮನುಷ್ಯನ ರಕ್ತ ಹೊಳೆಯಬೇಕು, ಇಲ್ಲವಾದರೆ ಪ್ರತಿಕಾಯವೇ ಕೆಟ್ಟಿದೆ ಎಂದರ್ಥ. ಆ ಮನುಷ್ಯ ಸದಾ ಭಾವನೇ. "ನನ್ನ ಕೆಲಸಕ್ಕೆ ಇನ್ನೊಬ್ಬರಿಗೆ ಯಾಕೆ ಸೂಜಿ ಚುಚ್ಚೋದು?" ಎನ್ನುತ್ತಿದ್ದರು. ತಮ್ಮ ರಕ್ತ ಹೊಳೆಯದಿದ್ದರೆ ಮಿಕ್ಕ ನಳಿಕೆಗಳನ್ನು ಕಣ್ಣೆತ್ತಿಯೂ ನೋಡದೆ ಚೆಲ್ಲಿಬಿಡುತ್ತಿದ್ದರು. ಈ ನಿಯಮದ ವಿಷಯದಲ್ಲಿ ಮಾತ್ರ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಮಿಕ್ಕಂತೆ ಪರಮ ಸಾಧು, ಬೀದಿಯಲ್ಲಿ ಕೂಡ ತುಂಬಿದ ನಳಿಕೆಗಳ ತಟ್ಟೆ ಹಿಡಿದವರಂತೆ ಮೊಣಕೈಗಳನ್ನು ಮೈಗೊತ್ತಿಕೊಂಡು ಅಲುಗದೆ ನಡೆಯುವವರು. "ಚೆಲ್ಲೋಕೆ ನಿಮ್ಮ ಕೈಲೇನೂ ಇಲ್ಲ, ಬೀಸಿ ನಡೀರಿ" ಎಂದು ಅಕ್ಕ ಹಿಂದಿನಿಂದ ಕೂಗುತ್ತಿದ್ದಳು.

ಅಲ್ಲಿ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಇದ್ದಳು. ಒಂದು ಹೊಸ ಪ್ರತಿಕಾಯವನ್ನು ಮಾಡುವುದರಲ್ಲೇ ಅವಳ ಮೂರು ವರ್ಷ ಕಳೆದಿತ್ತು. ಅವಳು ತಂದುಕೊಟ್ಟಾಗಲೆಲ್ಲ ಭಾವ ಪರೀಕ್ಷಿಸಿದರು. ಭಾವನ ರಕ್ತ ಕತ್ತಲೆಯಾಗಿಯೇ ಉಳಿಯಿತು. "ಬಾಟ್ಲಿಯಲ್ಲಿ ಬೆಳೆಸಿದ ಕಣಗಳ ಮೇಲೆ ಹೊಳೆಯುತ್ತೆ ಸರ್" ಎಂದು ಅವಳು ಅಂಗಲಾಚಿದರೆ, "ಬಾಟ್ಲಿ ಬೇರೆ, ಮೈ ಬೇರೆ ಕಣಮ್ಮ" ಎಂದು ಮೆಲ್ಲಗೆ ಹೇಳಿ ತಟ್ಟೆ ತೊಳೆಯುತ್ತಿದ್ದರು. ಹೀಗೆ ಒಂದೂವರೆ ವರ್ಷ ಹೋಯಿತು. ಕೊನೆಗೆ ಅವಳು ಓದು ಬಿಟ್ಟುಹೋಗುವ ಅರ್ಜಿ ಬರೆದಿಟ್ಟುಕೊಂಡು, ಒಂದೇ ಒಂದು ಸಲ ನೋಡಿಬಿಡಿ ಎಂದು ಕೇಳಿದಳು.

ಆ ಸೋಮವಾರ ಭಾವನಿಗೆ ಜ್ವರ. ಜ್ವರದ ರಕ್ತ ಲೆಕ್ಕಕ್ಕಿಲ್ಲ. ಅಕ್ಕ ಕೊಟ್ಟುಕಳಿಸಿದ ಮಾತ್ರೆ ಹಿಡಿದು ಸಂಶೋಧನಾಲಯಕ್ಕೆ ಹೋದ ನನ್ನನ್ನು ಅವರು ಬಹಳ ಹೊತ್ತು ನೋಡಿ, "ಕೈ ಕೊಡ್ತೀಯೇನಪ್ಪಾ?" ಎಂದರು. ಒಂದು ಸೂಜಿಗೆ ಮೂರು ಸಲ ಕ್ಷಮೆ ಕೇಳಿದರು.

ನನ್ನ ರಕ್ತ ಹೊಳೆಯಿತು. ಭಾವ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಚಿಂಪಾಂಜಿ ಹೊಳೆಯಿತು, ಬಬೂನು ಹೊಳೆಯಿತು, ಪುಟ್ಟ ಮಂಗವೂ ಹೊಳೆಯಿತು. ಎರಡು ದಿನ ಬಿಟ್ಟು ಜ್ವರ ಇಳಿದ ಮೇಲೆ ತಮ್ಮ ರಕ್ತ ನೋಡಿದರು: ಕತ್ತಲೆ. ಕಾವಲುಗಾರ, ಗ್ರಂಥಪಾಲಕಿ, ಟೈಪಿಸ್ಟು, ಎಲ್ಲರ ಮುಂದೂ ಸಂಕೋಚದಿಂದ ಸೂಜಿ ಹಿಡಿದು ನಿಂತರು. ಎಲ್ಲರದೂ ಹೊಳೆಯಿತು. ಆ ಗುರುತಿನ ಒಂದು ಮೂಲೆ ಭಾವನಲ್ಲಿ ಹುಟ್ಟಿನಿಂದಲೇ ಬೇರೆ ಆಕಾರದ್ದಾಗಿತ್ತು. ಆರೋಗ್ಯಕ್ಕೇನೂ ಕುಂದಿಲ್ಲ, ಕೋಟಿ ವರ್ಷ ಕೆಡದೆ ಬಂದದ್ದು ಇವರೊಬ್ಬರಲ್ಲಿ ಚೂರು ಬದಲಾಗಿತ್ತು, ಅಷ್ಟೆ.

ಯಾರಿಗೂ ಹೇಳದೆ, ಈ ಸಲ ಪ್ರತಿಕಾಯ ಚೆನ್ನಾಗಿ ಬಂದಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹುಡುಗಿಗೂ ಸಂತೋಷ, ಇವರಿಗೂ ಮಾನ. ಭಾವ ನೇರ ಅವಳ ಮೇಜಿನ ಬಳಿ ಹೋಗಿ ನಿಂತರು. "ನಿನ್ನ ಪ್ರತಿಕಾಯ ಮೊದಲಿಂದ್ಲೂ ಸರಿ ಇತ್ತಮ್ಮ. ಹೊಂದದೇ ಇದ್ದದ್ದು ನನ್ನ ರಕ್ತ. ಉಳಿದ ನಳಿಕೆ ನಾನು ನೋಡಬೇಕಾಗಿತ್ತು. ನೋಡ್ಲಿಲ್ಲ." ಅವಳು "ಒಂದೂವರೆ ವರ್ಷ ಸರ್" ಎಂದಷ್ಟೇ ಹೇಳಿ ಮುಖ ಮುಚ್ಚಿಕೊಂಡಳು. ಅವಳು ಅತ್ತು ಮುಗಿಸುವವರೆಗೂ ಭಾವ ಅಲ್ಲೇ, ತಪ್ಪು ಮಾಡಿದ ಮಗುವಿನಂತೆ, ನಿಂತೇ ಇದ್ದರು. ಮನೆಗೆ ಬಂದು ಊಟ ಮಾಡಲಿಲ್ಲ.

ಅವಳು ಅರ್ಜಿ ಹರಿದಳು. ಮರುವರ್ಷ ಅವಳ ಪ್ರಬಂಧ ಅಚ್ಚಾಯಿತು. ಅದರ ಕೋಷ್ಟಕದಲ್ಲಿ ಮನುಷ್ಯರು, ಚಿಂಪಾಂಜಿ, ಬಬೂನು, ಮಂಗ ಎಲ್ಲರ ಮುಂದೂ ಕೂಡು ಗುರುತು. ಒಬ್ಬ ಮನುಷ್ಯನ ಮುಂದೆ ಮಾತ್ರ ಕಳೆ ಗುರುತು. ಆ ಸಾಲನ್ನು ಬಿಟ್ಟುಬಿಡೋಣ ಎಂದು ಅವಳೇ ಹೇಳಿದರೂ ಭಾವ ಬಿಡಗೊಡಲಿಲ್ಲವಂತೆ. ಮನೆಯಲ್ಲಿ ಪುಟ ತೆರೆದು, ಬೆರಳಿಟ್ಟು, "ಇದು ನಾನು" ಎಂದು ಅಕ್ಕನಿಗೆ ತೋರಿಸಿದರು. ಅಕ್ಕ ಕನ್ನಡಕ ಏರಿಸಿ ನೋಡಿ, "ಮಂಗಕ್ಕೂ ಇರೋದು ನಿಮಗಿಲ್ಲ ಅಂತ ನಾನು ಮದುವೆಯಾದ ವರ್ಷವೇ ಹೇಳಿರ್ಲಿಲ್ವಾ?" ಎಂದಳು. ಭಾವ ನಕ್ಕರು, ತಿಂಗಳುಗಳ ಮೇಲೆ ಮೊದಲ ಸಲ.

ಪರರ ತಪ್ಪನ್ನು ಸಾಬೀತುಮಾಡುವವರಿಗೆ ಲೋಕದಲ್ಲಿ ಬರವಿಲ್ಲ. ತಮ್ಮನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬದುಕಿ, ಅದು ಡೊಂಕೆಂದು ತಿಳಿದ ದಿನ ಬಚ್ಚಿಡದೆ ನಾಲ್ಕು ಜನರ ಮುಂದೆ ಎತ್ತಿಹಿಡಿಯುವವರು ವಿರಳ. ಅಂಥವರಿಂದಲೂ ಪರರಿಗೆ ನೋವಾಗುತ್ತದೆ, ಕಳೆದ ಕಾಲವನ್ನು ಅವರೂ ಹಿಂದಕ್ಕೆ ಕೊಡಲಾರರು. ಆದರೆ ಅವರು 'ಇದೆ' ಎಂದು ಬರೆದದ್ದನ್ನು ನಾವು ಕಣ್ಣುಮುಚ್ಚಿ ನಂಬಬಹುದು. ಏಕೆಂದರೆ ತಮ್ಮ ಹೆಸರಿನ ಮುಂದೆ 'ಇಲ್ಲ' ಎಂದು ಬರೆಯಬೇಕಾಗಿ ಬಂದಾಗಲೂ ಅವರ ಅಕ್ಷರ ಅಷ್ಟೇ ದುಂಡಗಿರುತ್ತದೆ.