ತಂಪು ಪೆಟ್ಟಿಗೆಯ ಬೆನ್ನಿಗೆ ಕಟ್ಟಿದ ತಟ್ಟಿ

ತುಳುವರ ಹೊಸವರ್ಷದ ಬಿಸು ಹಬ್ಬ ಆಗಷ್ಟೇ ಕಳೆದಿತ್ತು. ಮೂಡುಬಿದಿರೆ ಪೇಟೆಯಲ್ಲಿ ಯಾರು ಎದುರಾದರೂ ಮೊದಲ ಮಾತು ಸೆಕೆಯದ್ದೇ. ಹೆಂಚಿನ ಮಾಡಿನ ಕೆಳಗೆ ಮಧ್ಯಾಹ್ನ ಕುಳಿತವರ ಬೆನ್ನಿಗೆ ಅಂಗಿ ಅಂಟಿಕೊಳ್ಳುತ್ತಿತ್ತು. ಎಲ್ಲರೂ ಬೆವರನ್ನು ಬೈಯುತ್ತಿದ್ದರು. ಜಲಜಾಕ್ಷಿ ಒಬ್ಬಳು ಮಾತ್ರ ಬೆವರಿಗಾಗಿ ಹರಕೆ ಹೊತ್ತಿದ್ದಳು.

ಅವಳ ಪುಟ್ಟ ಮಗಳು ಕಾಂತಿಗೆ ಬೆವರೇ ಬರುತ್ತಿರಲಿಲ್ಲ. ಹುಟ್ಟಿನಿಂದ ಹಾಗೆ. ಎಲ್ಲರ ಮೈಯ ಸೆಕೆ ಬೆವರಾಗಿ ಹೊರಗೆ ಹೋದರೆ ಆ ಮಗುವಿನ ಸೆಕೆ ಒಳಗೇ ಉಳಿಯುತ್ತಿತ್ತು. ಬೇಸಿಗೆ ಬಂತೆಂದರೆ ಜ್ವರ, ಜ್ವರ ಏರಿದರೆ ಫಿಟ್ಸ್. ಮಂಗಳೂರಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಇದಕ್ಕೆ ಮದ್ದು ತಂಪು ಜಾಗವೇ. ಹಾಗಾಗಿ ಒಂದು ವರ್ಷ ಬೇಸಿಗೆಯುದ್ದಕ್ಕೂ ಮಗುವನ್ನು ಚಾರ್ಮಾಡಿ ಘಾಟಿಯ ಮೇಲೆ, ಕೊಟ್ಟಿಗೆಹಾರದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಮಳೆ ಹಿಡಿದ ಮೇಲೆ ತಿರುಗಿ ಬಂದ ಕಾಂತಿ ಜಲಜಾಕ್ಷಿಯ ತೋಳಿಗೆ ಬರಲೊಲ್ಲದೆ, ಚಿಕ್ಕಮ್ಮನ ಸೆರಗಿನ ಹಿಂದೆ ಅಡಗಿ, 'ಇದು ಯಾರು?' ಎಂದು ಕೇಳಿದ್ದಳು.

ಆ ಮಾತು ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಜಲಜಾಕ್ಷಿಯ ಅಣ್ಣ ನಿತ್ಯಾನಂದನ ಕಿವಿಗೂ ಬಿತ್ತು. ಮರುವರ್ಷವೇ ಅವನು ಕಿಟಕಿಯಲ್ಲಿ ಕೂರಿಸುವ ಏರ್ ಕಂಡೀಷನರ್ ಒಂದನ್ನು ಲಾರಿಯಲ್ಲಿ ಕಳಿಸಿದ. ಪಡುವಣ ಕೋಣೆಗೆ ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸಿ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದರು. ಊರಿಗೆ ಊರೇ ಬಂದು ನೋಡಿಹೋಯಿತು. 'ತಂಪು ಪೆಟ್ಟಿಗೆ' ಎಂಬ ಹೆಸರೂ ಬಿತ್ತು. ಆ ಬೇಸಿಗೆಯಲ್ಲಿ ಕಾಂತಿಗೆ ಒಮ್ಮೆಯೂ ಜ್ವರ ಬರಲಿಲ್ಲ.

ಈ ವರ್ಷ ಮಾತ್ರ ಪೆಟ್ಟಿಗೆ ಗುರುಗುಟ್ಟುತ್ತಿತ್ತು, ಗಾಳಿ ಬಿಡುತ್ತಿತ್ತು, ತಂಪು ಕೊಡುತ್ತಿರಲಿಲ್ಲ. ಕರೆಂಟು ಸಾಲುತ್ತಿಲ್ಲವೇನೋ ಎಂದು ಲೈನ್‌ಮನ್ನನ್ನು ಕರೆಸಿ ನೋಡಿಸಿದ್ದಾಯಿತು. ಕರೆಂಟು ಸರಿಯಾಗಿಯೇ ಇತ್ತು. ಮಗುವಿನ ಹಣೆ ಮತ್ತೆ ಬಿಸಿಯಾಗತೊಡಗಿತು. ಕೊನೆಗೆ ಮನೆಯ ಯಜಮಾನ, ಜಲಜಾಕ್ಷಿಯ ಸೋದರಮಾವ ಮುಂಡಪ್ಪ ತೀರ್ಮಾನ ಹೇಳಿದರು. ನಾಳೆ ಬೆಳಗ್ಗಿನ ಬಸ್ಸಿಗೆ ಕಾಂತಿ ಕೊಟ್ಟಿಗೆಹಾರಕ್ಕೆ. ಜಲಜಾಕ್ಷಿ ಟ್ರಂಕಿನಲ್ಲಿ ಮಗುವಿನ ಬಟ್ಟೆ ಜೋಡಿಸಿ, ಮೇಲೆ ಉಣ್ಣೆಯ ಸ್ವೆಟರು ಇಟ್ಟಳು. ಘಟ್ಟದ ಮೇಲೆ ಬೆಳಗ್ಗೆ ಚಳಿ ಉಂಟಲ್ಲ.

ಮಗುವನ್ನು ಕಳಿಸುವ ಸುದ್ದಿ ತಿಳಿದು ಪಕ್ಕದ ಮನೆಯ ಮೈಮೂನಮ್ಮ ಒಂದು ಪೊಟ್ಟಣ ಖರ್ಜೂರ ಹಿಡಿದುಕೊಂಡು ಬಂದರು. ಅವರ ತವರು ಮಂಗಳೂರಿನ ಬಂದರು. ತಂದೆಗೆ ಮೀನಿನ ವ್ಯಾಪಾರಿಗಳಿಗೆ ಮಂಜುಗಡ್ಡೆ ಮಾಡಿಕೊಡುವ ಕಾರ್ಖಾನೆ ಇತ್ತು. ಆ ಮಿಷನುಗಳ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವರು ಅವರು. ಪಡುವಣ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತವರೇ ತಲೆವಸ್ತ್ರದ ತುದಿಯಿಂದ ಗಾಳಿ ಹಾಕಿಕೊಂಡರು.

"ಇದೆಂತದು ಜಲಜಾ? ಪೆಟ್ಟಿಗೆ ಓಡ್ತಾ ಉಂಟು, ನಾನು ಬೇಯ್ತಾ ಇದ್ದೇನೆ."

ಬಾಗಿಲಲ್ಲಿ ನಿಂತಿದ್ದ ಮುಂಡಪ್ಪ, ಅದರ ಜೀವ ಹೋಗಿದೆ, ಬೊಂಬಾಯಿಗಾಗಿ ಮಾಡಿದ್ದು ಹೆಂಚಿನ ಮನೆಗೆ ಒಗ್ಗುವುದಿಲ್ಲ ಎಂದರು.

"ಜೀವ ಹೋದದ್ದು ಹೀಗೆ ಗುರುಗುಟ್ಟುವುದುಂಟಾ ಮುಂಡಪ್ಪಣ್ಣ? ಒಮ್ಮೆ ನೋಡುವ."

"ಐಸಿನವರ ಮಗಳಿಗೆ ಎಲ್ಲ ಕಡೆ ಐಸೇ ಕಾಣುವುದು," ಎಂದು ಮುಂಡಪ್ಪ ನಕ್ಕರು. ಆದರೆ ಬೇಡ ಎನ್ನಲಿಲ್ಲ.

ಮೈಮೂನಮ್ಮ ಮೊದಲು ಸ್ವಿಚ್ಚು ಆಫ್ ಮಾಡಿಸಿದರು. ಆಮೇಲೆ ಒದ್ದೆಯಿಲ್ಲದ ಕೈಯಿಂದ ಪ್ಲಗ್ಗು ಕೀಳಿಸಿದರು. ಪ್ಲಗ್ಗು ಕೀಳದೆ ಯಾರೂ ಮುಟ್ಟಕೂಡದು ಎಂಬುದು ಅವರ ತಂದೆಯ ಕಟ್ಟುನಿಟ್ಟು. ಪೆಟ್ಟಿಗೆಯ ಮುಂದಿನ ಮುಚ್ಚಳ ತೆಗೆದರೆ ಒಳಗೆ ಗಾಳಿ ಸೋಸುವ ತೆಳ್ಳಗಿನ ಬಲೆ. ಬಲೆ ಎನ್ನಲು ಅದರಲ್ಲಿ ತೂತೇ ಕಾಣುತ್ತಿರಲಿಲ್ಲ. ಕಂಬಳಿ ತುಂಡಿನ ಹಾಗೆ ಕಪ್ಪಗೆ ದಪ್ಪಗಾಗಿತ್ತು. ಜಲಜಾಕ್ಷಿಗೆ ಒಮ್ಮೆಲೇ ಹೊಳೆಯಿತು. ಮಗುವಿಗೆ ದೃಷ್ಟಿಯಾಗಬಾರದೆಂದು ದಿನಾ ಸಂಜೆ ಈ ಕೋಣೆಯಲ್ಲೇ ಸಾಂಬ್ರಾಣಿ ಹೊಗೆ ಹಾಕುತ್ತಿದ್ದವಳು ಅವಳೇ. ಹೊಗೆಯೆಲ್ಲ ಹೋಗಿ ಕೂತದ್ದು ಇಲ್ಲಿ.

ಅವಳು ಬಲೆಯನ್ನು ಬಾವಿಕಟ್ಟೆಗೆ ಒಯ್ದು ಸಾಬೂನು ನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಆರಿಸಿದಳು. ಅದು ಒಣಗುವಷ್ಟರಲ್ಲಿ ಇಬ್ಬರೂ ಸೇರಿ ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದರು. ಮೇಲಿನ ಗೂಡುಕಿಂಡಿ ಬೆಕ್ಕು ಬರಲೆಂದು ತೆರೆದೇ ಇತ್ತು, ಅದನ್ನೂ ಮುಚ್ಚಿದರು. ಬಲೆ ಹಾಕಿ ಮಿಷನು ಚಾಲೂ ಮಾಡಿದಾಗ ಗಾಳಿ ಭರ್ರನೆ ನುಗ್ಗಿ ಗೋಡೆಯ ಕ್ಯಾಲೆಂಡರು ಪಟಪಟ ಹೊಡೆದುಕೊಂಡಿತು. ಕಾಂತಿ ಕೈತಟ್ಟಿ ಕುಣಿದಳು. ಜಲಜಾಕ್ಷಿ ಗಾಳಿಗೆ ಅಂಗೈ ಒಡ್ಡಿದಳು. ಗಾಳಿ ಬೇಕಾದಷ್ಟು ಇತ್ತು. ತಂಪು ಮಾತ್ರ ನಿನ್ನೆಗಿಂತ ಒಂದಿಷ್ಟೇ ಹೆಚ್ಚು.

ಅವಳ ಮುಖ ಸಣ್ಣದಾಯಿತು. ಮುಂಡಪ್ಪ, ತಾನು ಹೇಳಲಿಲ್ಲವೇ ಎನ್ನುವ ಹಾಗೆ ಎಲೆಪೆಟ್ಟಿಗೆ ತೆರೆದರು.

"ಇದರ ಬೆನ್ನು ಎಲ್ಲುಂಟು?" ಮೈಮೂನಮ್ಮ ಕೇಳಿದರು.

ಬೆನ್ನು ಇದ್ದದ್ದು ಗೋಡೆಯ ಹೊರಗೆ, ಬಾಳೆಗಿಡಗಳ ಹಿಂಡಿಲಿನ ಪಕ್ಕ. ಮೂವರೂ ಅಂಗಳ ಸುತ್ತಿ ಅಲ್ಲಿಗೆ ಹೋದರು. ಪೆಟ್ಟಿಗೆ ಕಾಣಲೇ ಇಲ್ಲ. ಕಂಡದ್ದು ಸೊಗಸಾಗಿ ಹೆಣೆದ ಮಡಲಿನ, ತೆಂಗಿನ ಗರಿಯ ತಟ್ಟಿ.

ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು ನಮ್ಮಲ್ಲಿ ಎಲ್ಲರ ಮನೆಯ ಕೆಲಸ. ಇಲ್ಲವಾದರೆ ಇರಿಚಲು ಹೊಡೆದು ಗೋಡೆ ನೆನೆಯುತ್ತದೆ. ಕಳೆದ ವರ್ಷ ಮುಂಡಪ್ಪ ಪೆಟ್ಟಿಗೆಯ ಬೆನ್ನಿಗೂ ತಟ್ಟಿ ಕಟ್ಟಿದ್ದರು, ಅದೂ ಎರಡು ಪದರ, ಗೋಡೆಗೆ ಒತ್ತಿ. ದೀಪಾವಳಿಗೆ ಉಳಿದ ತಟ್ಟಿಯೆಲ್ಲ ಬಿಚ್ಚಿದರೂ ಇದನ್ನು ಬಿಚ್ಚಲಿಲ್ಲ. ಸೋದರಳಿಯ ಅಷ್ಟು ದೂರದಿಂದ ಕಳಿಸಿದ ವಸ್ತು; ಬಿಸಿಲಿಗೂ ಬೇಡ, ಮಳೆಗೂ ಬೇಡ ಎಂಬುದು ಅವರ ಅಕ್ಕರೆ.

ಮೈಮೂನಮ್ಮನಿಗೆ ಎಲ್ಲವೂ ಅರ್ಥವಾಯಿತು. ಈ ಪೆಟ್ಟಿಗೆ ತಂಪನ್ನು ಎಲ್ಲಿಂದಲೋ ತರುವುದಲ್ಲ ಎಂದು ಅವರು ವಿವರಿಸಿದರು. ಅದು ಕೋಣೆಯ ಸೆಕೆಯನ್ನು ಹೊತ್ತುಕೊಂಡು ಹೋಗಿ ಬೆನ್ನಿನ ಕಡೆಯಿಂದ ಹೊರಗೆ ಚೆಲ್ಲುತ್ತದೆ. ಚೆಲ್ಲಲು ಜಾಗ ಇಲ್ಲದಿದ್ದರೆ ಹೊತ್ತದ್ದನ್ನು ಇಳಿಸುವುದೆಲ್ಲಿ?

"ನಮ್ಮ ಕಾಂತಿಯ ಹಾಗೆಯೇ ನೋಡಿ ಮುಂಡಪ್ಪಣ್ಣ. ಸೆಕೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಒಳಗೆ ಜ್ವರ."

ಮುಂಡಪ್ಪ ತಟ್ಟಿ ಬಿಚ್ಚಲು ಒಪ್ಪಲಿಲ್ಲ. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ಸಂಜೆಗೆ ಗುಡುಗುಮಳೆ ಬಂದು ನೀರು ಕರೆಂಟಿಗೆ ತಾಗಿದರೆ ಮನೆಯೇ ಹೋದೀತು ಎಂದರು. ಈ ಪೆಟ್ಟಿಗೆಗಳ ಬೆನ್ನು ಬೊಂಬಾಯಿಯ ಮಳೆಯಲ್ಲೂ ಹೊರಗೇ ಇರುವುದು, ಅದಕ್ಕೆಂದೇ ಹಾಗೆ ಮಾಡಿರುವುದು ಎಂದು ಮೈಮೂನಮ್ಮ ಹೇಳಿದರೂ ಅವರು ತಲೆಯಾಡಿಸುತ್ತಲೇ ಇದ್ದರು. ಆಗ ಜಲಜಾಕ್ಷಿ, ಮಾವನ ಎದುರು ಎಂದೂ ದನಿ ಎತ್ತದವಳು, ನೆಲ ನೋಡುತ್ತಾ ಹೇಳಿದಳು:

"ಮಾವ, ಆ ಸಲ ಬಂದಾಗ ಅವಳು ನನ್ನನ್ನು ಯಾರು ಅಂತ ಕೇಳಿದ್ಳು."

ಮುಂಡಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಕತ್ತಿ ತಾ," ಎಂದರು.

ಪ್ಲಗ್ಗು ಕಿತ್ತರು. ತಾವೇ ಬಿಗಿದ ಗಂಟುಗಳನ್ನು ಅವರೇ ಕೊಯ್ದರು. ಎರಡನೆಯ ಪದರ ಸರಿಯುತ್ತಲೇ ಒಳಗಿನ ಬಿಸಿ ಮುಖಕ್ಕೆ ರಪ್ಪನೆ ಹೊಡೆಯಿತು. ಅವರು ಹಿಂದೆ ಜಿಗಿದರು.

"ಇದೆಂತ ಮಾರಾಯ್ತಿ, ಭತ್ತ ಬೇಯಿಸುವ ಒಲೆಯ ಹಾಗೆ ಉಂಟು."

"ಅದು ನಿಮ್ಮ ಕೋಣೆಯದ್ದೇ ಸೆಕೆ. ನೀವು ಅದರ ಬಾಗಿಲಿಗೆ ತಟ್ಟಿ ಕಟ್ಟಿದ್ದು."

ತಗಡಿನ ಸಂದಿಗಳಲ್ಲಿ ಜೇಡರ ಬಲೆ, ಒಣ ಮಡಲಿನ ಪುಡಿ ತುಂಬಿತ್ತು. ಬಣ್ಣ ಬಳಿಯುವ ಒಣ ಬ್ರಷ್ಷಿನಿಂದ ಜಲಜಾಕ್ಷಿ ಅದನ್ನು ಮೆಲ್ಲಗೆ ಗುಡಿಸಿದಳು, ತೆಳ್ಳಗಿನ ತಗಡು ಬಗ್ಗದ ಹಾಗೆ. ಒಳಗಿನ ಕೊಳವೆಗೆ, ಮೋಟರಿಗೆ ಕೈ ಹಾಕಲು ಮೈಮೂನಮ್ಮ ಬಿಡಲಿಲ್ಲ. ಅದು ಮೆಕ್ಯಾನಿಕ್ಕನ ಕೆಲಸ. ಮಿಷನು ತಣಿಯಲೆಂದು ಸ್ವಲ್ಪ ಹೊತ್ತು ಕಾದರು. ಆ ಹೊತ್ತು ಜಲಜಾಕ್ಷಿಗೆ ಬೇಸಿಗೆಯಷ್ಟೇ ಉದ್ದವೆನಿಸಿತು.

ಸ್ವಿಚ್ಚು ಒತ್ತಿದರು. ಮೊದಲು ಬರೀ ಗಾಳಿ. ಆಮೇಲೆ ಅಂಗೈಗೆ ಬಾವಿಯ ನೀರು ಮುಟ್ಟಿದಂತೆ. ಆಮೇಲೆ ಮೊಣಕೈಯವರೆಗೂ ರೋಮ ಎದ್ದು ನಿಂತಿತು. ಜಲಜಾಕ್ಷಿ ಮಗುವನ್ನು ಎತ್ತಿಕೊಂಡು ಕೋಣೆಯ ನಡುವೆ ನಿಂತೇ ಇದ್ದಳು. ಕೆನ್ನೆಗೆ ಕೆನ್ನೆ ಒತ್ತಿ ನೋಡಿದಳು, ಮತ್ತೆ ನೋಡಿದಳು. ಬಿಸಿ ಇಳಿಯುತ್ತಿತ್ತು.

ಮುಂಡಪ್ಪ ಹೊರಗೆ ತಟ್ಟಿಯನ್ನೇ ಹಿಡಿದು ಇನ್ನೊಂದು ಕೆಲಸ ನಡೆಸಿದ್ದರು. ಕಂಬ ಊರಿ, ಪೆಟ್ಟಿಗೆಯಿಂದ ಬಹಳ ಮೇಲಕ್ಕೆ ಅದನ್ನು ಇಳಿಜಾರು ಮಾಡಿನ ಹಾಗೆ ಕಟ್ಟಿದರು. ಈಗ ಇರಿಚಲೂ ಬೀಳದು, ಬೆನ್ನೂ ಮುಚ್ಚದು. ಅದನ್ನು ಕಂಡು ಮೈಮೂನಮ್ಮನೇ ತಲೆದೂಗಿದರು. ಗುಡುಗಿ ಮಳೆ ಬಂದಾಗ ಎಲ್ಲರೂ ಕೋಣೆಯಲ್ಲಿ ಖರ್ಜೂರ ತಿನ್ನುತ್ತಾ ಕುಳಿತಿದ್ದರು.

"ಅಮ್ಮ, ಚಳಿ," ಎಂದಳು ಕಾಂತಿ.

ಮುಂಡಪ್ಪ ಎದ್ದು ಹೋಗಿ, ಘಟ್ಟಕ್ಕೆಂದು ಕಟ್ಟಿಟ್ಟಿದ್ದ ಟ್ರಂಕಿನ ಮುಚ್ಚಳ ತೆರೆದರು. ಮೇಲಿದ್ದ ಉಣ್ಣೆಯ ಸ್ವೆಟರನ್ನು ತಂದು ಮಗುವಿಗೆ ತಾವೇ ತೊಡಿಸಿದರು. ಉಳಿದ ಬಟ್ಟೆಯನ್ನು ಜಲಜಾಕ್ಷಿ ಸಂಜೆಯೇ ಕಪಾಟಿಗೆ ತಿರುಗಿ ಹಾಕಿದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ತಂಪು ಪೆಟ್ಟಿಗೆ ಸೋತಂತೆ ಕಂಡರೆ ಮಾರುವ, ಎಸೆಯುವ ಮಾತು ಆಮೇಲೆ. ಮೊದಲು ಪ್ಲಗ್ಗು ಕೀಳಿ. ಗಾಳಿಬಲೆ ತೊಳೆದು ಒಣಗಿಸಿ. ಕಿಂಡಿ, ಸಂದಿ ಮುಚ್ಚಿ. ಹೊರಗೆ ಹೋಗಿ ಅದರ ಬೆನ್ನು ನೋಡಿ. ತಟ್ಟಿಯೋ ಗೋಣಿಯೋ ಸೌದೆಯೋ ಒತ್ತಿಕೊಂಡಿದ್ದರೆ ಸರಿಸಿ. ಆಮೇಲೂ ತಂಪಾಗದಿದ್ದರೆ ಮೆಕ್ಯಾನಿಕ್ಕನನ್ನು ಕರೆಸಿ, ನೀವೇ ಬಿಚ್ಚಬೇಡಿ. ಪೆಟ್ಟಿಗೆ ಇಲ್ಲದವರೂ ಕೇಳಿ: ಸೆಕೆಯಲ್ಲಿ ಮೈ ಸುಡುತ್ತಿದ್ದರೂ ಬೆವರದ ಮಗು ಇದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ. ಸೆಕೆ ಹೊರಗೆ ಹೋಗಲು ದಾರಿ ಬಿಡಿ. ಮಕ್ಕಳು ಮನೆಯಲ್ಲೇ, ತಾಯಿಯ ಮಗ್ಗುಲಲ್ಲೇ ಬೆಳೆಯಲಿ.